ಕರ್ತೃಪದದ ರಾಜಕಾರಣ: ಶ್ರೀಲಂಕಾ ಸರ್ಕಾರದ ಯುದ್ಧವರದಿಯ ಒಂದು ಓದು

ಶ್ರೀಲಂಕಾದ ಅಂತರ್ಯುದ್ಧವು 2009ರ ಮೇ ತಿಂಗಳಲ್ಲಿ ಮುಗಿಯಿತು. ಎರಡು ವರ್ಷಗಳ ತರುವಾಯ, 2011ರಲ್ಲಿ, ಆ ದೇಶದ ರಕ್ಷಣಾ ಸಚಿವಾಲಯವು ಯುದ್ಧದ ಅಂತಿಮ ಘಟ್ಟವನ್ನು ಕುರಿತ ತನ್ನ ಅಧಿಕೃತ ವರದಿಯನ್ನು ಪ್ರಕಟಿಸಿತು. ಇಂಗ್ಲಿಷಿನಲ್ಲಿರುವ ಅದರ ಶೀರ್ಷಿಕೆಯನ್ನು ‘ಮಾನವೀಯ ಕಾರ್ಯಾಚರಣೆ: ವಾಸ್ತವಾಂಶಗಳ ವಿಶ್ಲೇಷಣೆ, ಜುಲೈ 2006ರಿಂದ ಮೇ 2009’ ಎಂದು ಕನ್ನಡಿಸಬಹುದು. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ನೇಮಿಸಿದ್ದ ಮೂವರು ತಜ್ಞರ ಸಮಿತಿಯ ವರದಿ ಅದೇ ವರ್ಷದ ಏಪ್ರಿಲ್‌ನಲ್ಲಿ ಹೊರಬಿದ್ದಿತ್ತು. ಸಚಿವಾಲಯದ ವರದಿಯನ್ನು ಅದಕ್ಕೆ ಕೊಟ್ಟ ಉತ್ತರವೆಂದೇ ಓದಬೇಕಾಗುತ್ತದೆ.

ಪ್ರಭುತ್ವವು ತನ್ನ ವಿರುದ್ಧ ಹೋರಾಡಿದ ಸಶಸ್ತ್ರ ಗುಂಪಿನ ಹಿಂಸೆಯನ್ನು ಬರೆಯುವಾಗ ಭಾಷೆಯನ್ನು ಹೇಗೆ ಬಳಸುತ್ತದೆ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ. ಇಂತಹ ವರದಿಗಳನ್ನು ‘ಸುಳ್ಳು’ ಎಂದು ತಳ್ಳಿಹಾಕುವುದು ಸುಲಭ. ಆದರೆ ಎಲ್‌ಟಿಟಿಇ ಕುರಿತು ಈ ವರದಿ ಹೇಳುವ ಮಾತುಗಳಲ್ಲಿ ಬಹುಪಾಲು ನಿಜ. ತೊಡಕು ಇರುವುದು ಅಲ್ಲಿಯೇ. ನಿಜವಾದ ಸಂಗತಿಗಳು ಯಾವ ವಾಕ್ಯರಚನೆಯಲ್ಲಿ, ಯಾವ ಕೆಲಸಕ್ಕಾಗಿ ಬಂದಿವೆ ಎಂಬುದನ್ನು ನೋಡದೆ ಈ ಪಠ್ಯವನ್ನು ಒಪ್ಪಲೂ ಆಗದು, ನಿರಾಕರಿಸಲೂ ಆಗದು. ಶಾಸನಗಳನ್ನು ಓದಿದವರಿಗೆ ಇದು ಹೊಸ ಕಷ್ಟವೇನಲ್ಲ. ಪ್ರಶಸ್ತಿಭಾಗದ ಬಿರುದುಗಳನ್ನು ಅನುಮಾನಿಸುತ್ತಲೇ ದತ್ತಿಯ ವಿವರವನ್ನು ನಂಬುವ ಅಭ್ಯಾಸ ನಮ್ಮಲ್ಲಿದೆ. ಇಲ್ಲಿಯಾದರೋ ಪ್ರಶಸ್ತಿಯೂ ದತ್ತಿಯೂ ಒಂದೇ ಸಾಲಿನಲ್ಲಿ ಹೆಣೆದುಕೊಂಡಿವೆ.

ವರದಿಯ ರಚನೆ

ವರದಿಯ ಮೊದಲ ಭಾಗವು ಎಲ್‌ಟಿಟಿಇಯ ಸ್ವರೂಪವನ್ನು, ಅದು ನಡೆಸಿದ ಕ್ರೌರ್ಯಗಳನ್ನು, ಅದರ ಭೂಪಡೆ, ಕಡಲ ಹುಲಿಗಳು, ವಿಮಾನಪಡೆ, ಆತ್ಮಾಹುತಿ ದಳ, ವಿದೇಶಿ ಜಾಲಗಳನ್ನು ವಿವರಿಸುತ್ತದೆ. ಎರಡನೆಯ ಭಾಗ ಸೈನಿಕ ಕಾರ್ಯಾಚರಣೆಯದು. ನಾಗರಿಕರ ಮೇಲಿನ ದಾಳಿಗಳ ಪಟ್ಟಿಗಳು ಅನುಬಂಧಗಳಲ್ಲಿವೆ.

ಮೊದಲ ಭಾಗದ ಸಂಗತಿಗಳು ಬೇರೆ ಆಕರಗಳಿಂದಲೂ ದೃಢಪಟ್ಟಂಥವು. 1985ರ ಮೇ ತಿಂಗಳಲ್ಲಿ ಅನುರಾಧಪುರದಲ್ಲಿ ನೂರಕ್ಕೂ ಹೆಚ್ಚು ನಾಗರಿಕರ ಹತ್ಯೆ ನಡೆಯಿತು. 1990ರ ಜೂನ್‌ನಲ್ಲಿ ಪೂರ್ವ ಪ್ರಾಂತ್ಯದಲ್ಲಿ ಶರಣಾದ ನೂರಾರು ಪೊಲೀಸರನ್ನು ಕೊಲ್ಲಲಾಯಿತು. ಅದೇ ವರ್ಷ ಆಗಸ್ಟ್ 3ರಂದು ಕಾತ್ತಾನ್‌ಕುಡಿಯ ಎರಡು ಮಸೀದಿಗಳಲ್ಲಿ ಪ್ರಾರ್ಥನೆಯಲ್ಲಿದ್ದ ನೂರಕ್ಕೂ ಹೆಚ್ಚು ಮುಸ್ಲಿಮರು ಹತರಾದರು. ಅಕ್ಟೋಬರಿನಲ್ಲಿ ಉತ್ತರ ಪ್ರಾಂತ್ಯದಿಂದ ಸುಮಾರು ಎಪ್ಪತ್ತು ಸಾವಿರ ಮುಸ್ಲಿಮರನ್ನು ಹೊರಗಟ್ಟಲಾಯಿತು. ಜಾಫ್ನಾ ಪಟ್ಟಣದವರಿಗೆ ದೊರೆತ ಗಡುವು ಎರಡು ಗಂಟೆ. 1996ರ ಜನವರಿ 31ರಂದು ಕೊಲಂಬೊದ ಕೇಂದ್ರೀಯ ಬ್ಯಾಂಕಿನ ಮೇಲೆ ಆತ್ಮಾಹುತಿ ದಾಳಿ ನಡೆಯಿತು. 1999ರಲ್ಲಿ ಸಂವಿಧಾನತಜ್ಞ ನೀಲನ್ ತಿರುಚೆಲ್ವಂ, 2005ರಲ್ಲಿ ವಿದೇಶಾಂಗ ಸಚಿವ ಲಕ್ಷ್ಮಣ್ ಕದಿರ್‌ಗಾಮರ್ ಹತ್ಯೆಗೀಡಾದರು. ಇಬ್ಬರೂ ತಮಿಳರು. ಬಲವಂತವಾಗಿ ಸೇರಿಸಿಕೊಂಡ ಮಕ್ಕಳ ಐದು ಸಾವಿರಕ್ಕೂ ಮಿಕ್ಕ ಪ್ರಕರಣಗಳನ್ನು ಯುನಿಸೆಫ್ ದಾಖಲಿಸಿದೆ. ಕನ್ನಡ ಓದುಗರಿಗೂ ಈ ಸಂಘಟನೆ ದೂರದ್ದಲ್ಲ. 1991ರ ಮೇ 21ರ ಶ್ರೀಪೆರುಂಬುದೂರಿನ ಸ್ಫೋಟದ ಜಾಡು, ಅದೇ ಆಗಸ್ಟ್ 20ರಂದು ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ ಶಿವರಾಸನ್ ಮತ್ತು ಸಂಗಡಿಗರ ಶವಗಳಲ್ಲಿ ಕೊನೆಗೊಂಡಿತ್ತು.

ಆದರೆ ವರದಿಯಲ್ಲಿ ಈ ಸಂಗತಿಗಳು ಮೊದಲು ಬರುವುದಕ್ಕೆ ಕಾಲಾನುಕ್ರಮವಷ್ಟೇ ಕಾರಣವಲ್ಲ. ಎರಡನೆಯ ಭಾಗವನ್ನು ಓದುಗರು ಹೇಗೆ ಸ್ವೀಕರಿಸಬೇಕೆಂಬುದನ್ನು ಮೊದಲನೆಯದು ಸಿದ್ಧಗೊಳಿಸುತ್ತದೆ. ಹಿಂಸೆಯ ಕಥನ ಸಂಘಟನೆಯ ಹುಟ್ಟಿನಿಂದ ಶುರುವಾದರೆ, ಅದಕ್ಕೂ ಹಿಂದಿನವು, ಅಂದರೆ ಸಿಂಹಳವೊಂದನ್ನೇ ಆಡಳಿತಭಾಷೆಯಾಗಿಸಿದ 1956ರ ಕಾಯಿದೆ, 1958ರ ಗಲಭೆ, ಹಿನ್ನೆಲೆಗೆ ಸರಿಯುತ್ತವೆ. ಸುಮಾರು 97,000 ಗ್ರಂಥಗಳೊಡನೆ ಜಾಫ್ನಾ ಗ್ರಂಥಾಲಯ ಸುಟ್ಟುಹೋದ 1981, ತಮಿಳರ ವಿರುದ್ಧದ ಹತ್ಯಾಕಾಂಡ ನಡೆದ 1983ರ ಜುಲೈ ಕೂಡ ಅದೇ ದಾರಿ ಹಿಡಿಯುತ್ತವೆ. ಕಾರ್ಯಾಚರಣೆಯ ಆರಂಭವೂ ಹೀಗೆಯೇ ಆಯ್ಕೆಯಾದುದು. 2006ರ ಜುಲೈನಲ್ಲಿ ಎಲ್‌ಟಿಟಿಇ ಮಾವಿಲ್ ಆರು ಕಾಲುವೆಯ ತೂಬನ್ನು ಮುಚ್ಚಿ ಸಾವಿರಾರು ರೈತ ಕುಟುಂಬಗಳಿಗೆ ನೀರು ತಪ್ಪಿಸಿತು. ಅಲ್ಲಿಂದ ಹೊರಟ ಕಥೆಗೆ ‘ಮಾನವೀಯ’ ಎಂಬ ವಿಶೇಷಣ ಸಹಜವಾಗಿಯೇ ಅಂಟಿಕೊಳ್ಳುತ್ತದೆ.

ಕರ್ತೃ ಯಾರು?

‘ಕಾರ್ಯಾಚರಣೆ’ ಎಂಬ ನಮ್ಮ ಪತ್ರಿಕಾಭಾಷೆಯ ಪದವನ್ನೇ ನೋಡೋಣ. ನೆರೆಯಲ್ಲಿ ಸಿಲುಕಿದವರನ್ನು ದೋಣಿಯಲ್ಲಿ ತರುವುದೂ ಕಾರ್ಯಾಚರಣೆ, ಕಾಡಿನಲ್ಲಿ ಗುಂಡು ಹಾರಿಸುವುದೂ ಕಾರ್ಯಾಚರಣೆ. ಯುದ್ಧವನ್ನು ಕಾರ್ಯಾಚರಣೆ ಎಂದು ಕರೆದ ಕೂಡಲೇ ಅದರ ಎದುರಾಳಿ ಮಾಯವಾಗಿ ಫಲಾನುಭವಿ ಮಾತ್ರ ಉಳಿಯುತ್ತಾನೆ. ಸರ್ಕಾರ ಈ ಯುದ್ಧವನ್ನು ಒತ್ತೆಯಾಳುಗಳ ಬಿಡುಗಡೆಯ ಉದ್ಯಮವೆಂದು ವರ್ಣಿಸಿತು. ಅದರಲ್ಲಿ ಸತ್ಯಾಂಶವಿದೆ: ಎಲ್‌ಟಿಟಿಇ ಜನರನ್ನು ತಡೆಗೋಡೆಯಾಗಿ ಬಳಸಿತೆಂದೂ, ತಪ್ಪಿಸಿಕೊಂಡು ಹೊರಟವರ ಮೇಲೆ ಗುಂಡು ಹಾರಿಸಿತೆಂದೂ ವಿಶ್ವಸಂಸ್ಥೆಯ ಸಮಿತಿಯೂ ಹೇಳಿದೆ. ಅದೇ ಸಮಿತಿ, ಸರ್ಕಾರವೇ ಘೋಷಿಸಿದ ದಾಳಿರಹಿತ ವಲಯಗಳ ಮೇಲೂ ಆಸ್ಪತ್ರೆಗಳ ಮೇಲೂ ಸೈನ್ಯದ ಫಿರಂಗಿಗಳು ಗುಂಡಿಟ್ಟವೆಂಬ ಆರೋಪಗಳು ವಿಶ್ವಾಸಾರ್ಹವೆಂದೂ ಹೇಳಿದೆ. ಸರ್ಕಾರಿ ವರದಿಗೆ ಬೇಕಾದುದು ಮೊದಲ ಮಾತು ಮಾತ್ರ.

ವ್ಯಾಕರಣದ ದೃಷ್ಟಿಯಿಂದ ನೋಡಿದರೆ ಈ ಆಯ್ಕೆ ಕ್ರಿಯಾಪದಗಳಲ್ಲಿ ಕಾಣುತ್ತದೆ. ಕೊಲ್ಲು, ಅಪಹರಿಸು, ಹೊರಗಟ್ಟು, ಬಲವಂತದಿಂದ ಸೇರಿಸು: ಈ ಸಕರ್ಮಕ ಕ್ರಿಯೆಗಳಿಗೆ ಎಲ್‌ಟಿಟಿಇ ನೇರ ಕರ್ತೃ. ಸೈನ್ಯವೂ ಕರ್ತೃವೇ, ಆದರೆ ಬೇರೊಂದು ಗುಂಪಿನ ಕ್ರಿಯೆಗಳಿಗೆ: ಮುನ್ನಡೆ, ವಶಪಡಿಸಿಕೊ, ಮುಕ್ತಗೊಳಿಸು, ರಕ್ಷಿಸು, ಆಹಾರ ಪೂರೈಸು. ನಾಗರಿಕರ ಸಾವಿನ ಮಾತು ಬಂದಾಗ ಕರ್ತೃಸ್ಥಾನ ಖಾಲಿಯಾಗುತ್ತದೆ. ಇಷ್ಟು ದೊಡ್ಡ ಯುದ್ಧದಲ್ಲಿ, ಇಂತಹ ನಿರ್ದಯಿ ಶತ್ರುವಿನ ಎದುರು, ಎಷ್ಟೇ ಮುನ್ನೆಚ್ಚರಿಕೆ ವಹಿಸಿದರೂ ನಾಗರಿಕರ ಸಾವುನೋವನ್ನು ತಪ್ಪಿಸುವುದು ಅಸಾಧ್ಯವಾಗಿತ್ತು ಎಂಬ ಆಶಯದ ಮಾತು ವರದಿಯಲ್ಲಿದೆ. ‘ಶೂನ್ಯ ನಾಗರಿಕ ಸಾವುನೋವು’ ತನ್ನ ನೀತಿ ಎಂದು ಸಾರುತ್ತಿದ್ದ ಸರ್ಕಾರದಿಂದ ಈ ಒಪ್ಪಿಗೆ ಬಂದದ್ದು ಸಣ್ಣ ಸಂಗತಿಯಲ್ಲ. ಆದರೆ ಆ ಒಪ್ಪಿಗೆಯಲ್ಲಿ ಕೊಂದವರಿಲ್ಲ. ‘ಅಸಾಧ್ಯತೆ’ಯೇ ಅಲ್ಲಿ ಕರ್ತೃವಿನ ಜಾಗದಲ್ಲಿ ಕೂತಿದೆ.

ಇದನ್ನು ಇಂಗ್ಲಿಷಿನ ಕರ್ಮಣಿ ಪ್ರಯೋಗದ ದೋಷವೆಂದು ಬಿಟ್ಟುಬಿಡುವಂತಿಲ್ಲ. ಕನ್ನಡದ ಜಾಯಮಾನಕ್ಕೆ ಕರ್ಮಣಿ ಅಷ್ಟಾಗಿ ಒಗ್ಗುವುದಿಲ್ಲ ನಿಜ. ‘ಕೊಲ್ಲಲ್ಪಟ್ಟರು’ ಎಂಬುದು ಅನುವಾದದ ವಾಸನೆಯ ಮಾತು. ಆದರೆ ಕರ್ತೃವನ್ನು ಅಡಗಿಸಲು ನಮಗೆ ಕರ್ಮಣಿಯ ಅಗತ್ಯವೇ ಇಲ್ಲ. ‘ಬಲಿಯಾದರು’, ‘ಹತರಾದರು’, ‘ಅಸುನೀಗಿದರು’ ಎಂಬ ಅಕರ್ಮಕಗಳು ಆ ಕೆಲಸವನ್ನು ಸಲೀಸಾಗಿ ಮಾಡುತ್ತವೆ. ‘ಉಗ್ರರು ಹತ್ತು ಮಂದಿಯನ್ನು ಕೊಂದರು, ಗುಂಡಿನ ಚಕಮಕಿಯಲ್ಲಿ ಹತ್ತು ಮಂದಿ ಬಲಿಯಾದರು’ ಎಂದು ಅಕ್ಕಪಕ್ಕದಲ್ಲಿ ಬರೆದರೆ ಎಷ್ಟೋ ಓದುಗರಿಗೆ ವ್ಯತ್ಯಾಸ ತಟ್ಟುವುದೇ ಇಲ್ಲ. ಈ ಲೇಖನದಲ್ಲಿ ಮೇಲೆ ಕಾತ್ತಾನ್‌ಕುಡಿಯ ಬಗ್ಗೆ ‘ಹತರಾದರು’ ಎಂದು ಬಂದಿರುವುದನ್ನು ಓದುಗರು ಗಮನಿಸಿರಬಹುದು. ‘ಸಾವುನೋವು’ ಎಂಬ ಜೋಡುನುಡಿಯೂ ಹಾಗೆಯೇ: ಸತ್ತವನೂ ಗಾಯಗೊಂಡವನೂ ಅದರಲ್ಲಿ ಒಂದೇ ಲೆಕ್ಕ.

ಒಮ್ಮೊಮ್ಮೆ ಸರ್ಕಾರದ ಮಾತೇ ಅದರ ಮೌನವನ್ನು ಬಯಲುಮಾಡುತ್ತದೆ. ನಾಗರಿಕರಿದ್ದ ಕಡೆ ಭಾರೀ ಫಿರಂಗಿಗಳನ್ನು ಬಳಸುತ್ತಿಲ್ಲವೆಂದು ಹೇಳುತ್ತಲೇ ಇದ್ದ ಅದು, 2009ರ ಏಪ್ರಿಲ್ 27ರಂದು, ಭಾರೀ ಫಿರಂಗಿ ಮತ್ತು ಯುದ್ಧವಿಮಾನಗಳ ಬಳಕೆಯನ್ನು ನಿಲ್ಲಿಸಲು ಪಡೆಗಳಿಗೆ ಆದೇಶಿಸಲಾಗಿದೆ ಎಂದು ಪ್ರಕಟಿಸಿತು.

ಸಂಖ್ಯೆಗಳು, ‘ಇತರ’ ಎಂಬ ಕಲಮು

ಅಂಕಿಗಳಲ್ಲಿಯೂ ಇದೇ ಅಸಮತೆ. ಸೈನ್ಯ ಕಳೆದುಕೊಂಡವರ ಲೆಕ್ಕ ವರದಿಯಲ್ಲಿದೆ. ಎಲ್‌ಟಿಟಿಇ ಕೊಂದವರ ಲೆಕ್ಕ ದಿನಾಂಕ, ಸ್ಥಳಗಳೊಡನೆ ಇದೆ. ಯುದ್ಧದ ಕೊನೆಯ ತಿಂಗಳುಗಳಲ್ಲಿ ವನ್ನಿಯಲ್ಲಿ ಸತ್ತ ನಾಗರಿಕರ ಲೆಕ್ಕವಿಲ್ಲ. ಆ ಪ್ರದೇಶದಲ್ಲಿ ಎಷ್ಟು ಮಂದಿ ಇದ್ದರೆಂಬುದೇ ವಿವಾದವಾಗಿತ್ತು. 2009ರ ಫೆಬ್ರುವರಿಯಲ್ಲಿ ಸರ್ಕಾರ ಎಪ್ಪತ್ತು ಸಾವಿರದ ಆಸುಪಾಸಿನ ಸಂಖ್ಯೆಯನ್ನು ಹೇಳುತ್ತಿತ್ತು. ಕೊನೆಗೆ ಶಿಬಿರಗಳನ್ನು ಸೇರಿದವರು 2,80,000ಕ್ಕೂ ಹೆಚ್ಚು. ಈ ಅಂಕಿಯ ಆಟ ಕಾಗದದ ಮೇಲಷ್ಟೇ ಉಳಿಯಲಿಲ್ಲ. ಕಳುಹಿಸಬೇಕಾದ ಅಕ್ಕಿ, ಔಷಧಿಗಳ ಪ್ರಮಾಣ ಅದನ್ನೇ ಅವಲಂಬಿಸಿತ್ತು. ಸತ್ತವರು ನಲವತ್ತು ಸಾವಿರದಷ್ಟಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂದು ವಿಶ್ವಸಂಸ್ಥೆಯ ಸಮಿತಿ ಬರೆಯಿತು. ಸರ್ಕಾರ ಅದನ್ನು ಅಲ್ಲಗಳೆಯಿತು.

ಆಮೇಲೆ ಸರ್ಕಾರದ್ದೇ ಜನಗಣತಿ ಇಲಾಖೆ ಉತ್ತರ ಪ್ರಾಂತ್ಯದ ಜನನ ಮರಣಗಳನ್ನು ಎಣಿಸಿ 2012ರಲ್ಲಿ ವರದಿ ಕೊಟ್ಟಿತು. ಮರಣದ ಕಾರಣಗಳಿಗೆ ಅಲ್ಲಿ ಕಲಮುಗಳಿದ್ದವು: ಕಾಯಿಲೆ, ವೃದ್ಧಾಪ್ಯ, ಅಪಘಾತ, ಕೊಲೆ, ಆತ್ಮಹತ್ಯೆ ಇತ್ಯಾದಿ. 2009ರ ಸಾವುಗಳಲ್ಲಿ ಏಳು ಸಾವಿರಕ್ಕೂ ಮಿಕ್ಕವು ‘ಇತರ’ ಎಂಬ ಕಲಮಿನಲ್ಲಿ ಸೇರಿವೆ. ಯುದ್ಧ ಎಂಬ ಕಲಮು ಇಲ್ಲ. ಪ್ರಭುತ್ವದ ಸಂಕಥನದ ಬಗ್ಗೆ ಎಷ್ಟು ಪುಟ ಬರೆದರೂ ಈ ಒಂದು ಪದದಷ್ಟು ಸ್ಪಷ್ಟವಾಗಿ ಹೇಳಲಾರೆವು.

ಹಾಗೆಂದು ಶ್ರೀಲಂಕಾ ಪ್ರಭುತ್ವದ ದನಿ ಒಂದೇ ಎಂದು ತಿಳಿಯುವುದು ತಪ್ಪಾಗುತ್ತದೆ. 2010ರ ಮೇ ತಿಂಗಳಲ್ಲಿ ರಾಷ್ಟ್ರಾಧ್ಯಕ್ಷ ಮಹಿಂದ ರಾಜಪಕ್ಸೆ ನೇಮಿಸಿದ ‘ಕಲಿತ ಪಾಠಗಳು ಮತ್ತು ಸಮನ್ವಯ ಆಯೋಗ’ದ ವರದಿ 2011ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಸೈನ್ಯ ಉದ್ದೇಶಪೂರ್ವಕವಾಗಿ ನಾಗರಿಕರನ್ನು ಗುರಿಮಾಡಲಿಲ್ಲ ಎಂಬ ಅದರ ತೀರ್ಮಾನವನ್ನು ಹಲವರು ಟೀಕಿಸಿದ್ದಾರೆ. ಅದರ ಅಧಿಕಾರವ್ಯಾಪ್ತಿ 2002ರ ಫೆಬ್ರುವರಿ 21ರಿಂದ ಆರಂಭವಾಗುತ್ತಿತ್ತು. ಅಂದರೆ ಕಾತ್ತಾನ್‌ಕುಡಿಯೂ ಜಾಫ್ನಾ ಮುಸ್ಲಿಮರ ಉಚ್ಚಾಟನೆಯೂ ಅದರ ಹೊರಗೇ. ಆದರೂ ಆಯೋಗ ಆ ಜನರ ಮಾತನ್ನು ಕೇಳಿಸಿಕೊಂಡಿತು, ನಾಪತ್ತೆಯಾದವರ ಬಗ್ಗೆ ತನಿಖೆಗೆ ಶಿಫಾರಸು ಮಾಡಿತು, ತಮಿಳರಿಗೆ ತಮಿಳಿನಲ್ಲೇ ಆಡಳಿತ ಸಿಗಬೇಕೆಂದಿತು. ವಿಪರ್ಯಾಸವೆಂದರೆ ವರದಿ ಮೊದಲು ಬಂದದ್ದು ಇಂಗ್ಲಿಷಿನಲ್ಲಿ. ಯಾರ ಸಾಕ್ಷ್ಯಗಳಿಂದ ಅದು ರೂಪುಗೊಂಡಿತೋ ಅವರ ಭಾಷೆಗಳಲ್ಲಿ, ಸಿಂಹಳ ಮತ್ತು ತಮಿಳಿನಲ್ಲಿ, ತಡವಾಗಿ ಬಂದಿತು.

ಸಾಕ್ಷಿಗಳಾಗಿ ಮಾತ್ರ ಉಳಿದವರು

ಎಲ್‌ಟಿಟಿಇಯ ಬಲಿಪಶುಗಳಿಗೆ ಸರ್ಕಾರಿ ಕಥನದಿಂದ ನ್ಯಾಯ ದೊರೆಯಿತೇ ಎಂಬುದು ನನ್ನ ದೃಷ್ಟಿಯಲ್ಲಿ ಇನ್ನೂ ಗಂಭೀರವಾದ ಪ್ರಶ್ನೆ. ಅನುಬಂಧದ ಪಟ್ಟಿಯಲ್ಲಿ ಅವರು ಶತ್ರುವಿನ ಕ್ರೌರ್ಯಕ್ಕೆ ಪುರಾವೆಗಳು. ಅದರಾಚೆಗೆ ಅವರಿಗೆ ಅಸ್ತಿತ್ವವಿಲ್ಲ. 1990ರಲ್ಲಿ ಪೊಲೀಸರ ಹತ್ಯೆ ನಡೆದಾಗ ಪೂರ್ವ ಪ್ರಾಂತ್ಯದಲ್ಲಿ ಎಲ್‌ಟಿಟಿಇಯ ದಂಡನಾಯಕರಾಗಿದ್ದವರು ‘ಕರುಣಾ’ ಎಂದು ಹೆಸರಾದ ವಿನಾಯಗಮೂರ್ತಿ ಮುರಳೀಧರನ್. ಆ ಹತ್ಯೆಯಲ್ಲಿ ತಮ್ಮ ಪಾತ್ರವನ್ನು ಅವರು ನಿರಾಕರಿಸಿದ್ದಾರೆ. 2004ರಲ್ಲಿ ಅವರು ಸಂಘಟನೆಯಿಂದ ಸಿಡಿದರು, 2008ರಲ್ಲಿ ಸಂಸತ್ ಸದಸ್ಯರಾದರು, 2009ರಲ್ಲಿ ಸಚಿವರೂ ಆದರು. ‘ಎಲ್‌ಟಿಟಿಇ ಕೊಂದಿತು’ ಎಂಬ ವಾಕ್ಯದ ಇನ್ನೊಂದು ಅನುಕೂಲ ಇಲ್ಲಿ ಗೋಚರಿಸುತ್ತದೆ: ಕರ್ತೃ ಸಂಘಟನೆಯಾಗಿರುವವರೆಗೆ ವ್ಯಕ್ತಿಯ ಹೊಣೆಯನ್ನು ವಿಚಾರಿಸಬೇಕಿಲ್ಲ. 2025ರ ಮಾರ್ಚ್‌ನಲ್ಲಿ ಬ್ರಿಟನ್ ಸರ್ಕಾರ ನಿರ್ಬಂಧ ವಿಧಿಸಿದ ನಾಲ್ವರಲ್ಲಿ ಮೂವರು ಶ್ರೀಲಂಕಾದ ಮಾಜಿ ಸೇನಾನಾಯಕರು, ನಾಲ್ಕನೆಯವರು ಮುರಳೀಧರನ್. ಯುದ್ಧದ ಎರಡು ಪಕ್ಷಗಳ ಹೆಸರುಗಳು ಒಂದೇ ಪಟ್ಟಿಯಲ್ಲಿ ಕೂಡಿಬಂದದ್ದು ಹೀಗೆ, ಹೊರಗಿನವರ ಕಡತದಲ್ಲಿ.

ಒಳಗಿನಿಂದ ಅಂತಹ ಪಟ್ಟಿ ಬರೆಯಲು ಯತ್ನಿಸಿದವರಿದ್ದರು, ಮತ್ತು ಅವರು ಅಧ್ಯಾಪಕರಾಗಿದ್ದರು. 1988ರಲ್ಲಿ ಜಾಫ್ನಾ ವಿಶ್ವವಿದ್ಯಾಲಯದಲ್ಲಿ ಮಾನವ ಹಕ್ಕುಗಳಿಗಾಗಿ ವಿಶ್ವವಿದ್ಯಾಲಯ ಶಿಕ್ಷಕರ ಸಂಘಟನೆ ಹುಟ್ಟಿತು. ರಾಜನ್ ಹೂಲ್, ದಯಾ ಸೋಮಸುಂದರಂ, ಕೆ. ಶ್ರೀಧರನ್ ಅವರೊಡನೆ ಅಂಗರಚನಾಶಾಸ್ತ್ರದ ಅಧ್ಯಾಪಕಿ ರಾಜಿನಿ ತಿರಣಗಮ ಸೇರಿ ಬರೆದ ‘ದಿ ಬ್ರೋಕನ್ ಪಾಮೈರಾ’ ಶ್ರೀಲಂಕಾ ಸೈನ್ಯ, ಭಾರತದ ಶಾಂತಿಪಾಲನಾ ಪಡೆ, ಎಲ್‌ಟಿಟಿಇ ಮತ್ತು ಇತರ ತಮಿಳು ಗುಂಪುಗಳು ಮಾಡಿದ್ದನ್ನು ಒಂದೇ ಅಳತೆಗೋಲಿನಿಂದ ಅಳೆಯಿತು. 1989ರ ಸೆಪ್ಟೆಂಬರ್ 21ರಂದು ಸೈಕಲ್ಲಿನಲ್ಲಿ ಮನೆಗೆ ಮರಳುತ್ತಿದ್ದ ರಾಜಿನಿಯವರನ್ನು ಗುಂಡಿಕ್ಕಿ ಕೊಂದರು. ಕೊಂದದ್ದು ಎಲ್‌ಟಿಟಿಇ ಎಂದು ಅವರ ಸಹೋದ್ಯೋಗಿಗಳು ಬರೆದಿದ್ದಾರೆ. ಎಲ್‌ಟಿಟಿಇಯ ಹಿಂಸೆಗೆ ಸಾಕ್ಷ್ಯ ಬೇಕಾದಾಗ ಉದ್ಧರಿಸಲು ಈ ಸಂಘಟನೆಯ ವರದಿಗಳು ಅನುಕೂಲ. ಆದರೆ 2009ರ ಡಿಸೆಂಬರಿನಲ್ಲಿ ಅದೇ ಸಂಘಟನೆ ವನ್ನಿಯ ಕೊನೆಯ ದಿನಗಳ ಬಗ್ಗೆ ಎರಡೂ ಕಡೆಯವರನ್ನು ಹೆಸರಿಸಿ ಬರೆದ ದೀರ್ಘ ವರದಿಗೆ ಸಚಿವಾಲಯದ ಕಥನದಲ್ಲಿ ಜಾಗವಿಲ್ಲ.

2017ರ ಫೆಬ್ರುವರಿಯಲ್ಲಿ ಕಿಳಿನೊಚ್ಚಿಯಲ್ಲಿ ನಾಪತ್ತೆಯಾದವರ ತಾಯಂದಿರು, ಹೆಂಡಿರು ರಸ್ತೆಬದಿಯಲ್ಲಿ ಧರಣಿ ಕೂತರು. ನಾಪತ್ತೆಯಾದವರಿಗಾಗಿ ಸರ್ಕಾರ ಸ್ಥಾಪಿಸಿದ ಕಚೇರಿ 2018ರಲ್ಲಿ ಕೆಲಸ ಆರಂಭಿಸಿದ ಮೇಲೂ ಅವರು ಏಳಲಿಲ್ಲ. ಅವರಲ್ಲಿ ಕೆಲವರ ಮಕ್ಕಳನ್ನು ಎಲ್‌ಟಿಟಿಇ ಎಳೆದೊಯ್ದಿತ್ತು. ಯುದ್ಧದ ಕೊನೆಯ ದಿನಗಳಲ್ಲಿ ಶರಣಾದ ತಮ್ಮವರನ್ನು ಸೈನ್ಯದ ಕೈಗೆ ತಾವೇ ಒಪ್ಪಿಸಿದವರೂ ಅವರಲ್ಲಿದ್ದರು. ಆಯೋಗದ ಮುಂದೆಯೂ ಅವರಂಥವರು ನುಡಿದ ಸಾಕ್ಷ್ಯದಲ್ಲಿ ಯಾರು, ಯಾರನ್ನು, ಯಾರ ಕೈಗೆ, ಎಲ್ಲಿ, ಯಾವ ದಿನ ಎಂಬ ಕಾರಕಗಳೆಲ್ಲವೂ ಇದ್ದವು.