ಬೆಟ್ಟದ ಮೇಲಣ ಪಾಳುಕೋಟೆಗಳಿಗೆ ಪ್ರಯಾಣ

ನಮ್ಮ ಶಾಲೆಯಲ್ಲಿ ಓದಿ, ಈಗ ಉದ್ಯೋಗದಲ್ಲಿಯೂ ಸಂಸಾರದಲ್ಲಿಯೂ ನೆಲೆನಿಂತಿರುವ ಆರು ಮಂದಿ ಹಳೆಯ ವಿದ್ಯಾರ್ಥಿನಿಯರು ಕೂಡಿ, ದಕ್ಷಿಣ ಅಮೆರಿಕದ ಪೆರು ದೇಶದಲ್ಲಿರುವ ಮಾಚು ಪಿಚುವೆಂಬ ಇಂಕಾ ಜನರ ಪಾಳೂರಿಗೆ ಕಾಲ್ನಡಿಗೆಯಲ್ಲಿ ಹೋಗಬೇಕೆಂದು ನಿಶ್ಚಯಿಸಿ, ಅದಕ್ಕೆ ಮಾಡಿಕೊಳ್ಳತಕ್ಕ ಸಿದ್ಧತೆಗಳೇನೆಂದು ನಮ್ಮನ್ನು ಕೇಳಿರುವರು. ಭೂಗೋಳದ ಪಾಠದಲ್ಲಿ ಇಂಕಾ ಜನರ ಮಾತು ಬಂದಾಗ ಕಿಟಕಿಯ ಹೊರಗೆ ನೋಡುತ್ತಿದ್ದವರೂ ಈ ಆರು ಮಂದಿಯಲ್ಲಿರುವರೆಂಬುದನ್ನು ಹೇಳದೆ ಇರಲಾರೆವು. ನಾವು ಆ ದೇಶವನ್ನು ಕಂಡವರಲ್ಲ. ಆದರೆ ಹುಡುಗಿಯರನ್ನು ಬೆಟ್ಟದ ಮೇಲಕ್ಕೆ ಕರೆದೊಯ್ದು ಕೆಳಕ್ಕೆ ಕರೆತಂದ ಅನುಭವವು ನಮಗುಂಟು. ಅದರಲ್ಲಿ ಒಮ್ಮೆ ತಪ್ಪಿದ್ದೂ ಉಂಟು. ಆದುದರಿಂದ ಹತ್ತಿರದ ನಿಜಗಲ್ಲಿನಿಂದ ಆರಂಭಿಸಿ ದೂರದ ಪೆರುವಿಗೆ ಹೋಗುವೆವು.

ಚಿಕ್ಕಬಾಣಾವರದಲ್ಲಿ ತುಮಕೂರಿನ ಕಡೆಯ ಪ್ಯಾಸೆಂಜರ್ ರೈಲನ್ನು ಹತ್ತಿ ದಾಬಸ್‌ಪೇಟೆಯಲ್ಲಿ ಇಳಿದರೆ ನಿಜಗಲ್ಲು ಬೆಟ್ಟವು ಅಷ್ಟೇನೂ ದೂರವಲ್ಲ. ಹೆದ್ದಾರಿಯಲ್ಲಿ ಸಾವಿರಾರು ಮಂದಿ ದಿನವೂ ಅದರ ಬಳಿಯಲ್ಲಿ ಸಾಗುವರು. ತಲೆಯೆತ್ತಿ ನೋಡುವವರು ವಿರಳ. ಮೇಲೆ ಹಾಳುಬಿದ್ದ ಕೋಟೆಯುಂಟು. 1770ರಲ್ಲಿ ಹೈದರಾಲಿಯ ವಶದಲ್ಲಿದ್ದ ಈ ಕೋಟೆಯನ್ನು ಪೇಶ್ವೆ ಮಾಧವರಾಯನ ದೊಡ್ಡ ಸೈನ್ಯವು ಮುತ್ತಿತು. ಸರದಾರಖಾನನೆಂಬ ಕಿಲ್ಲೇದಾರನು ಬಹುದಿನ ಬಗ್ಗಲಿಲ್ಲ. ಕಡೆಗೆ ಕೋಟೆಯನ್ನು ಹತ್ತಿ ಹಿಡಿದವರು ಪೇಶ್ವೆಯ ಪಕ್ಷದಲ್ಲಿದ್ದ ಚಿತ್ರದುರ್ಗದ ನಾಯಕನ ಕಡೆಯವರು. ಅವರ ಊರೂ ಬಂಡೆಯ ಊರೇ; ಯಾವ ಕಲ್ಲು ಕಾಲಿಗೆ ಆತುಕೊಳ್ಳುವುದು, ಯಾವುದು ಜಾರುವುದು ಎಂಬುದನ್ನು ಹುಟ್ಟಿನಿಂದ ಬಲ್ಲವರು. ದಾರಿ ತೋರಿಸುವವರು ನಮಗೇಕೆಂದು ಕೇಳುವ ಹುಡುಗಿಯರಿಗೆ ಈ ಕಥೆಯನ್ನು ಹೇಳುತ್ತ ಬಂದಿದ್ದೇವೆ.

ಇನ್ನು ನಮ್ಮ ತಪ್ಪಿನ ಸಂಗತಿ. ಹಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯವರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆವು. ಊರಿನ ಹಿರಿಯರೊಬ್ಬರು ಮುಂದೆ ನಡೆಯುತ್ತಿದ್ದರು. ಬುತ್ತಿಯೂ ನೀರೂ ಸಾಕಷ್ಟಿದ್ದುವು. ಆದರೆ ಹಿಂದಿರುಗುವ ರೈಲಿನ ಚಿಂತೆಯಲ್ಲಿ ನಾವು, ‘ಒಬ್ಬರು ಹಿಂದುಳಿದರೂ ಎಲ್ಲರಿಗೂ ರೈಲು ತಪ್ಪೀತು’ ಎಂದು ಎರಡು ಸಲ ಗದರಿದೆವು. ಬೆಟ್ಟದಿಂದ ಇಳಿದು ಬುಡದಲ್ಲಿ ಎಣಿಸಿದಾಗ ಒಬ್ಬಳು ಕಡಮೆ! ಆ ಹಿರಿಯರು ಪುನಃ ಹತ್ತಿ ಹೋಗಿ, ಒಂದು ಗಂಟೆಯ ಮೇಲೆ ಅವಳನ್ನು ತೋಳು ಹಿಡಿದು ಇಳಿಸಿಕೊಂಡು ಬಂದರು. ಅವಳಿಗೆ ಬೆಳಗಿನಿಂದಲೇ ತಲೆನೋವು, ವಾಂತಿ. ಯಾರಿಗೂ ಹೇಳದೆ ಒಂದು ಬಂಡೆಯ ನೆರಳಿನಲ್ಲಿ ಕುಳಿತುಬಿಟ್ಟಿದ್ದಳು. ಏಕಮ್ಮಾ ಹೇಳಲಿಲ್ಲವೆಂದು ಕೇಳಿದುದಕ್ಕೆ, ‘ರೈಲು ತಪ್ಪೀತು ಎಂದು ನೀವೇ ಹೇಳಿದಿರಲ್ಲ, ಮಿಸ್’ ಎಂದಳು. ರೈಲು ತಪ್ಪಿಯೇ ಹೋಗಿತ್ತು. ಆ ಮಾತು ಇಂದಿಗೂ ನಮ್ಮ ಮನಸ್ಸಿನಲ್ಲಿದೆ.

ಅಂದಿನಿಂದ ನಮ್ಮ ಕ್ರಮವೇ ಬೇರೆಯಾಯಿತು. ಎಲ್ಲರಿಗಿಂತ ನಿಧಾನವಾಗಿ ನಡೆಯುವವಳ ನಡಿಗೆಯಿಂದಲೇ ಹೊತ್ತನ್ನು ಲೆಕ್ಕ ಹಾಕುವೆವು. ದಾರಿ ತೋರಿಸುವವರು ಮುಂದೆ, ಒಬ್ಬ ಅಧ್ಯಾಪಕಿ ಎಲ್ಲರ ಹಿಂದೆ. ಆಕೆಯ ಹಿಂದೆ ಯಾರೂ ಉಳಿಯತಕ್ಕದ್ದಲ್ಲ. ಎಣಿಕೆಯು ಪ್ರತಿಯೊಂದು ತಂಗುವೆಡೆಯಲ್ಲಿಯೂ ನಡೆಯಬೇಕು. ಹಿಂದಿರುಗಲು ಗೊತ್ತುಮಾಡಿದ ಗಂಟೆಯಾದರೆ, ಶಿಖರವು ಹತ್ತೇ ಮಾರು ದೂರವಿದ್ದರೂ ಹಿಂದಿರುಗುವುದೇ ಸರಿ. ಬಂಡೆಯ ಸಂದಿನಲ್ಲಿ ಹೆಜ್ಜೇನು ಕಟ್ಟಿದ್ದರೆ ಸದ್ದಿಲ್ಲದೆ ದೂರದಿಂದಲೇ ಬಳಸಿ ಹೋಗಬೇಕು. ಹೊರಡುವ ಮೊದಲು ಪ್ರತಿಯೊಬ್ಬಳನ್ನೂ ಬೇರೆಯಾಗಿ ಕರೆದು, ಮೈ ಹೇಗಿದೆಯೆಂದು ಕೇಳುವೆವು. ಗುಂಪಿನಲ್ಲಿ ಕೇಳಿದರೆ ಎಲ್ಲರೂ ಚೆನ್ನಾಗಿಯೇ ಇರುವರು!

ನಿಜಗಲ್ಲಿನಲ್ಲಿ ಮರೆಮಾಚಿದ ತಲೆನೋವಿನಿಂದ ರೈಲು ತಪ್ಪಿತು. ಪೆರುವಿನಲ್ಲಿ ಪ್ರಾಣವೇ ಹೋಗಬಹುದು. ನಮ್ಮ ಚಿಕ್ಕಬಾಣಾವರವು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಕರ್ನಾಟಕದಲ್ಲೆಲ್ಲ ಎತ್ತರವಾದ ಮುಳ್ಳಯ್ಯನಗಿರಿಯು ಸುಮಾರು 6,300 ಅಡಿ. ಮಾಚು ಪಿಚುವಾದರೋ ಸುಮಾರು 8,000 ಅಡಿ; ಪ್ರಯಾಣಿಕರು ವಿಮಾನದಿಂದ ಇಳಿಯುವ ಕುಸ್ಕೋ ನಗರವು 11,000 ಅಡಿಗೂ ಮಿಕ್ಕಿದ್ದು. ನಡೆಯುವ ದಾರಿಯಲ್ಲಿ ದಾಟಬೇಕಾದ ಅತಿ ಎತ್ತರದ ಕಣಿವೆದಾರಿಯು ಸುಮಾರು 13,800 ಅಡಿ. ಅಲ್ಲಿ ಒಂದೊಂದು ಉಸಿರಿನಲ್ಲಿಯೂ ದೊರೆಯುವ ಆಮ್ಲಜನಕವು ಸಮುದ್ರತೀರದಲ್ಲಿ ದೊರೆಯುವುದರ ಐದರಲ್ಲಿ ಮೂರು ಪಾಲು ಮಾತ್ರ. ಆದುದರಿಂದ ನಮ್ಮ ನಾಡಿನ ಎಲ್ಲ ಬೆಟ್ಟಗಳನ್ನು ಹತ್ತಿದವಳೂ ಈ ವಿಷಯದಲ್ಲಿ ಹೊಸಬಳೇ.

ಬಹುಮಟ್ಟಿಗೆ 8,000 ಅಡಿಗಳ ಮೇಲೆ ತಲೆನೋವು, ಓಕರಿಕೆ, ಊಟ ಸೇರದಿರುವುದು, ನಿದ್ರೆ ಬಾರದಿರುವುದು ಕಾಣಿಸಿಕೊಳ್ಳಬಹುದು. ಪ್ರಾಯದವರು, ಗಟ್ಟಿಮುಟ್ಟಾದವರು ಎಂದು ಅದು ಬಿಡುವುದಿಲ್ಲ. ಈ ಚಿಹ್ನೆಗಳಿರುವಾಗ ಇನ್ನೂ ಮೇಲೇರಿದರೆ ಮಿದುಳಿನಲ್ಲಿಯೋ ಶ್ವಾಸಕೋಶದಲ್ಲಿಯೋ ನೀರು ಸೇರುವ ಅಪಾಯವುಂಟು. ನಡಿಗೆ ತೂರಾಡಿದರೆ, ಸುಮ್ಮನೆ ಕುಳಿತಾಗಲೂ ಏದುಸಿರು ಬಂದರೆ, ಆ ಗಳಿಗೆಯೇ ಕೆಳಕ್ಕೆ ಇಳಿಸಬೇಕು. ಬೆಳಗಾಗಲಿ ಎಂದು ಕಾಯತಕ್ಕದ್ದಲ್ಲ. ಕಡಲತೀರದ ಲೀಮಾದಿಂದ ವಿಮಾನದಲ್ಲಿ ಕುಸ್ಕೋಗೆ ಹೋದವರು ಅಂದೇ, ಸುಮಾರು 9,000 ಅಡಿಯ ಉರುಬಂಬಾ ಕಣಿವೆಗೆ ಇಳಿದು ಎರಡು ಮೂರು ದಿನ ತಂಗುವುದು ಲೇಸು. ಎತ್ತರಕ್ಕೆ ಒಗ್ಗಲು ಗುಳಿಗೆಗಳೂ ಉಂಟು. ಅವನ್ನು ವೈದ್ಯರನ್ನು ಕೇಳಿ ತೆಗೆದುಕೊಳ್ಳಬೇಕೇ ಹೊರತು ಗೆಳತಿಯ ಕೈಯಿಂದಲ್ಲ.

ಉಳಿದ ವಿವರಗಳು ಸುಲಭ. ನಾಲ್ಕು ದಿನಗಳ ಆ ದಾರಿಯಲ್ಲಿ ಪರವಾನಗಿ ಪಡೆದ ಮಾರ್ಗದರ್ಶಕರಿಲ್ಲದೆ ಹೋಗಲಾಗದು. ಕೂಲಿಯವರೂ ಸೇರಿ ದಿನಕ್ಕೆ 500 ಮಂದಿಗೆ ಮಾತ್ರ ಅಪ್ಪಣೆ. ತಿಂಗಳುಗಳ ಮೊದಲೇ ಕಾದಿರಿಸಬೇಕು. ಫೆಬ್ರವರಿಯಲ್ಲಿ ದಾರಿಯನ್ನು ಮುಚ್ಚುವರು. ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಮಳೆ ಕಡಮೆ, ಆದರೆ ರಾತ್ರಿ ಬಲು ಚಳಿ. ಹೊರೆಯಾಳುಗಳ ಹೊರೆಗೆ ಅಲ್ಲಿ ಕಾನೂನಿನ ಮಿತಿಯುಂಟು. ಅಲಂಕಾರದ ಸಾಮಗ್ರಿಗಳನ್ನು ಅವರ ಬೆನ್ನಿಗೇರಿಸಬಾರದೆಂದು ನಮ್ಮ ಹುಡುಗಿಯರಿಗೆ ಬೇರೆ ಹೇಳಬೇಕೇ?

ಈ ಆರು ಮಂದಿಯೂ ಬರುವ ಜನವರಿಯಲ್ಲಿ ನಮ್ಮೊಡನೆ ನಿಜಗಲ್ಲಿಗೆ ಬರತಕ್ಕದ್ದೆಂದು ಬರೆದಿರುವೆವು. ನಮ್ಮ ಮೊಣಕಾಲಿಗೆ ಪೆರು ಒಗ್ಗದು, ನಿಜಗಲ್ಲು ಒಗ್ಗೀತು. ತಾಯಂದಿರು ಬರಬಯಸಿದರೆ ಬರಬಹುದು. ಬುತ್ತಿಯನ್ನು ತಾವೇ ತರಬೇಕು. ಅಂದು ಬಂಡೆಯ ನೆರಳಿನಲ್ಲಿ ಕುಳಿತಿದ್ದವಳು ಈಗ ದಾದಿಯ ಉದ್ಯೋಗದಲ್ಲಿದ್ದು, ಪೆರುವಿಗೆ ಹೊರಟಿರುವ ಆರರಲ್ಲಿ ಒಬ್ಬಳು. ಎಲ್ಲರ ಹಿಂದೆ ನಡೆಯುವ ಕೆಲಸವನ್ನು ತಾನೇ ಕೇಳಿ ಪಡೆದಿರುವಳು.