ನೋಯ್ಡಾದ ಮೊಬೈಲ್: ಸುಂಕದ ರಕ್ಷಣೆಯೋ, ಮುಕ್ತ ವ್ಯಾಪಾರವೋ?

ದೆಹಲಿಯ ಮಗ್ಗುಲಲ್ಲೇ ಇರುವ ನೋಯ್ಡಾದಲ್ಲಿ ಸ್ಯಾಮ್‌ಸಂಗ್‌ನ ವಿಸ್ತರಿತ ಮೊಬೈಲ್ ಕಾರ್ಖಾನೆಯನ್ನು 2018ರ ಜುಲೈ 9ರಂದು ಪ್ರಧಾನಿ ನರೇಂದ್ರ ಮೋದಿ ಮತ್ತು ದಕ್ಷಿಣ ಕೊರಿಯಾ ಅಧ್ಯಕ್ಷ ಮೂನ್ ಜೇ-ಇನ್ ಉದ್ಘಾಟಿಸಿದರು. ಅದಕ್ಕೆ ವರ್ಷ ಮೊದಲೇ ಆಮದು ಫೋನುಗಳ ಸುಂಕ ಏರತೊಡಗಿತ್ತು: 2017ರ ಜುಲೈಯಲ್ಲಿ ಶೇ 10, ಡಿಸೆಂಬರ್‌ನಲ್ಲಿ ಶೇ 15, 2018ರ ಬಜೆಟ್‌ನಲ್ಲಿ ಶೇ 20.

ರಕ್ಷಣಾವಾದದ ತರ್ಕ ಸರಳ. ಹೊರಗಿನ ಸರಕು ದುಬಾರಿಯಾದರೆ ಕಂಪನಿಗಳು ಇಲ್ಲೇ ತಯಾರಿಸುತ್ತವೆ. ಎಳೆಯ ಉದ್ಯಮಕ್ಕೆ ಬೇರೂರಲು ಕಾಲ ಸಿಗುತ್ತದೆ, ಯುವಜನರಿಗೆ ಕೆಲಸ ಸಿಗುತ್ತದೆ. ಮುಕ್ತ ವ್ಯಾಪಾರದ ಪರ ಇರುವವರ ಆಕ್ಷೇಪವೂ ಅಷ್ಟೇ ಗಟ್ಟಿ: ಸುಂಕದ ಹೊರೆ ಬೀಳುವುದು ಗ್ರಾಹಕನ ಮೇಲೆ. ಬಿಡಿಭಾಗಗಳಿಗೂ ಸುಂಕ ಹಾಕಿದರೆ ತಯಾರಿಕಾ ವೆಚ್ಚ ಏರಿ, ರಫ್ತಿನ ಪೈಪೋಟಿಯಲ್ಲಿ ನಾವೇ ಹಿಂದೆ ಬೀಳುತ್ತೇವೆ. ಡೇವಿಡ್ ರಿಕಾರ್ಡೊ 1817ರಲ್ಲಿ ಮಂಡಿಸಿದ ತುಲನಾತ್ಮಕ ಅನುಕೂಲ ಸಿದ್ಧಾಂತವೇ ಈ ವಾದದ ಬುನಾದಿ.

ಈ ಸುಂಕಗಳ ತಕರಾರು ಜಿನೀವಾದ ವಿಶ್ವ ವ್ಯಾಪಾರ ಸಂಸ್ಥೆಯನ್ನೂ ಮುಟ್ಟಿತು. ಐರೋಪ್ಯ ಒಕ್ಕೂಟ, ಜಪಾನ್, ತೈವಾನ್ ನೀಡಿದ ದೂರುಗಳ ಮೇಲೆ ಅದರ ಸಮಿತಿಗಳು 2023ರ ಏಪ್ರಿಲ್‌ನಲ್ಲಿ ಭಾರತದ ವಿರುದ್ಧ ವರದಿ ಕೊಟ್ಟವು.

ಸರ್ಕಾರದ ನಡೆಯೂ ಬದಲಾಗಿದೆ. 2020ರಲ್ಲಿ ಉತ್ಪಾದನೆ ಆಧಾರಿತ ಪ್ರೋತ್ಸಾಹಧನದ ಪಿಎಲ್‌ಐ ಯೋಜನೆ ಬಂತು. 2024ರ ಜನವರಿಯಲ್ಲಿ ಹಲವು ಬಿಡಿಭಾಗಗಳ ಸುಂಕ ಶೇ 15ರಿಂದ 10ಕ್ಕೆ, ಜುಲೈ ಬಜೆಟ್‌ನಲ್ಲಿ ಫೋನುಗಳ ಸುಂಕ ಶೇ 20ರಿಂದ 15ಕ್ಕೆ ಇಳಿಯಿತು.

ಪರೀಕ್ಷಾರ್ಥಿಗಳು ಗಮನಿಸಬೇಕಾದ ಇನ್ನೆರಡು ಅಂಶ: ಆಮದು ಸುಂಕದ ದರಗಳಿಗೆ 1975ರ ಕಸ್ಟಮ್ಸ್ ಟ್ಯಾರಿಫ್ ಕಾಯ್ದೆ ಆಧಾರ. ಆಂಟಿ-ಡಂಪಿಂಗ್ ಸುಂಕವನ್ನು ಶಿಫಾರಸು ಮಾಡುವುದು ವಾಣಿಜ್ಯ ಸಚಿವಾಲಯದ ಅಡಿಯ ವ್ಯಾಪಾರ ಪರಿಹಾರಗಳ ಮಹಾನಿರ್ದೇಶನಾಲಯ (ಡಿಜಿಟಿಆರ್). ವಿಧಿಸುವುದು ಹಣಕಾಸು ಸಚಿವಾಲಯ.