ಗೇಮ್ ಬರುವ ಮೊದಲೇ ದುಡ್ಡು ಕಟ್ಟುವವರು ಗಮನಿಸಿ

ಎಷ್ಟೋ ಜನ ಟ್ರೈಲರ್ ಬಂದ ದಿನವೇ ಪ್ರೀ-ಆರ್ಡರ್ ಮಾಡುತ್ತಾರೆ. ಬಿಡುಗಡೆಯ ದಿನ ಗೇಮ್ ಸರಿಯಾಗಿ ಓಡದಿದ್ದರೆ ಕಂಪನಿಯನ್ನು ಬೈಯುತ್ತ ಕೂರುತ್ತಾರೆ. ಹಣ ವಾಪಸ್ ಕೇಳಬೇಕೆಂದು ನೆನಪಾಗುವ ಹೊತ್ತಿಗೆ ಗಡುವು ಮುಗಿದಿರುತ್ತದೆ. ಸಿಟ್ಟು ನ್ಯಾಯವಾದದ್ದೇ, ಆದರೆ ಸಿಟ್ಟಿನಿಂದ ದುಡ್ಡು ಮರಳಿ ಬರುವುದಿಲ್ಲ.

‘ಸೈಬರ್‌ಪಂಕ್ 2077’ ಯಾರಿಗೆ ಮರೆತಿದೆ? 2012ರಲ್ಲಿ ಘೋಷಣೆಯಾಗಿ, 2020ರಲ್ಲಿ ಮೂರು ಸಲ ಮುಂದಕ್ಕೆ ಹೋಗಿ, ಡಿಸೆಂಬರ್ 10ರಂದು ಬಂತು. ಅಷ್ಟರಲ್ಲಿ 80 ಲಕ್ಷ ಮಂದಿ ಮುಂಗಡ ಕೊಂಡಿದ್ದರು. ಹಳೆಯ ಪಿಎಸ್4, ಎಕ್ಸ್‌ಬಾಕ್ಸ್ ಒನ್‌ಗಳಲ್ಲಿ ಅದು ಆಡಲಾಗದಷ್ಟು ಕೆಟ್ಟಿತ್ತು. ಎರಡನೇ ವಾರದಲ್ಲೇ ಸೋನಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದ ತೆಗೆದು ಹಣ ಹಿಂತಿರುಗಿಸಲು ಒಪ್ಪಿತು. ಮತ್ತೆ ಅಲ್ಲಿ ಮಾರಾಟಕ್ಕೆ ಬಂದದ್ದು 2021ರ ಜೂನ್‌ನಲ್ಲಿ.

ಹಾಗಾಗಿ ಮೊದಲ ಕೆಲಸ, ಟ್ರೈಲರ್‌ನಲ್ಲಿ ಕಾಣುವುದು ನಿಜವಾಗಿ ಆಡುವ ಆಟವೇ, ಯಾವ ಯಂತ್ರದಲ್ಲಿ ಚಿತ್ರೀಕರಿಸಿದ್ದು ಎಂದು ನೋಡುವುದು. ಮೂಲೆಯ ಸಣ್ಣಕ್ಷರ ಓದಿ. 2013ರ ‘ಏಲಿಯನ್ಸ್: ಕಲೋನಿಯಲ್ ಮರೀನ್ಸ್’ ಟ್ರೈಲರ್‌ಗಳಿಗೂ ಗೇಮ್‌ಗೂ ಇದ್ದ ಅಂತರ ಬ್ರಿಟನ್ನಿನ ಜಾಹೀರಾತು ನಿಯಂತ್ರಕರವರೆಗೆ ಹೋಗಿ, ಆ ಟ್ರೈಲರ್‌ಗಳಲ್ಲಿ ಸೂಚನೆ ಇರಬೇಕಿತ್ತೆಂದು ಅದರ ಪ್ರಕಾಶಕ ಕಂಪನಿ ಸೆಗಾ ಒಪ್ಪಿಕೊಳ್ಳಬೇಕಾಯಿತು.

ಎರಡನೆಯದು, ಕಂಪನಿ ಹೇಳಿದ್ದೆಷ್ಟು, ಅಭಿಮಾನಿಗಳು ಊಹಿಸಿದ್ದೆಷ್ಟು ಎಂಬುದನ್ನು ಬೇರೆ ಮಾಡಿಕೊಳ್ಳುವುದು. 2016ರ ಆಗಸ್ಟ್‌ನಲ್ಲಿ ‘ನೋ ಮ್ಯಾನ್ಸ್ ಸ್ಕೈ’ ಬಂದಾಗ ಇಬ್ಬರು ಆಟಗಾರರು ಒಂದೇ ಗ್ರಹದ ಒಂದೇ ಜಾಗಕ್ಕೆ ಹೋಗಿ ನಿಂತರೂ ಒಬ್ಬರಿಗೊಬ್ಬರು ಕಾಣಲಿಲ್ಲ. ಸಂದರ್ಶನಗಳಲ್ಲಿ ಬಂದ ಅಸ್ಪಷ್ಟ ಮಾತನ್ನು ಜನ ಭರವಸೆ ಎಂದೇ ತಿಳಿದಿದ್ದರು. ಮಾರಾಟದ ಪುಟದ ಮೇಲಿನ ದೂರನ್ನು ಬ್ರಿಟನ್ನಿನ ನಿಯಂತ್ರಕರು ಎತ್ತಿ ಹಿಡಿಯಲಿಲ್ಲ. ಸಂದರ್ಶನದ ಮಾತಿಗಿಂತ ಗಟ್ಟಿಯಾಗಿ ನಿಮ್ಮ ಪರ ನಿಲ್ಲುವುದು ಮಾರಾಟದ ಪುಟದಲ್ಲಿ ಬರೆದದ್ದು. ಕೊಳ್ಳುವ ದಿನ ಅದರ ಸ್ಕ್ರೀನ್‌ಶಾಟ್ ತೆಗೆದಿಡಿ.

ಮೂರನೆಯದು, ನಿಮ್ಮ ಬಳಿ ಇರುವ ಯಂತ್ರದಲ್ಲೇ ಆಡಿ ಬರೆದ ವಿಮರ್ಶೆಗೆ ಕಾಯಿರಿ. ಸೈಬರ್‌ಪಂಕ್‌ಗೆ ಮೊದಲು ಬಂದ ಹೊಗಳಿಕೆಯೆಲ್ಲ ಪಿಸಿ ಆವೃತ್ತಿಯದ್ದು. ಕನ್ಸೋಲ್ ಪ್ರತಿ ವಿಮರ್ಶಕರಿಗೆ ಮುಂಚೆ ಸಿಕ್ಕಿರಲೇ ಇಲ್ಲ. ಡೌನ್‌ಲೋಡ್ ಮಾಡುವ ಗೇಮ್‌ಗೆ ಸ್ಟಾಕ್ ಮುಗಿಯುವ ಮಾತೇ ಇಲ್ಲ, ಇನ್ನೇಕೆ ಅವಸರ?

ಇನ್ನು ಹೆಚ್ಚು ಜನ ಎಡವುವ ಜಾಗ: ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನ ಎರಡು ಗಂಟೆ. ಪ್ರೀ-ಆರ್ಡರ್ ಮಾಡಿದ್ದರೆ ಬಿಡುಗಡೆಯ ತನಕ ಯಾವಾಗ ಬೇಕಾದರೂ ಹಣ ವಾಪಸ್ ಕೇಳಬಹುದು. ಬಿಡುಗಡೆಯ ನಂತರ 14 ದಿನ ಅವಕಾಶ, ಆಡಿದ್ದು ಎರಡು ಗಂಟೆಗಿಂತ ಕಡಿಮೆ ಇರಬೇಕು. ಎರಡೂ ಷರತ್ತು ಒಟ್ಟಿಗೆ ಪಾಲನೆಯಾಗಬೇಕು. 14 ದಿನ ಇದೆಯೆಂದು ನೆಮ್ಮದಿಯಿಂದ ಇರುವವರೇ ಸಿಕ್ಕಿಬೀಳುತ್ತಾರೆ. ಸ್ಟೀಮ್ ಎಣಿಸುವುದು ನೀವು ಆಡಿದ ಹೊತ್ತನ್ನಲ್ಲ, ಗೇಮ್ ತೆರೆದಿದ್ದ ಹೊತ್ತನ್ನು. ಮೊದಲ ಸಲ ತೆರೆದಾಗ ಶೇಡರ್ ತಯಾರಾಗುವ ಹೊತ್ತು, ಗ್ರಾಫಿಕ್ಸ್ ಸೆಟ್ಟಿಂಗ್ ತಿದ್ದಿದ ಹೊತ್ತು, ಮುಚ್ಚದೆ ಪಾಸ್ ಮಾಡಿ ಊಟಕ್ಕೆ ಎದ್ದುಹೋದ ಹೊತ್ತು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಹೆಚ್ಚು ದುಡ್ಡು ಕೊಟ್ಟು ಡೀಲಕ್ಸ್ ಆವೃತ್ತಿ ಕೊಂಡು ಮೂರು ದಿನ ಮೊದಲೇ ಆಡುವವರ ಸಮಯವೂ 2024ರ ಏಪ್ರಿಲ್‌ನಿಂದ ಇದೇ ಲೆಕ್ಕಕ್ಕೆ ಸೇರಿದೆ. ಇಂಥ ಆವೃತ್ತಿ ಕೊಳ್ಳಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಮೊದಲ ದಿನ ಗಡಿಯಾರ ಪಕ್ಕದಲ್ಲಿರಲಿ. ಒಂದು ಗಂಟೆಯಾದಾಗ ಗೇಮ್ ಮುಚ್ಚಿ, ಉಳಿಸಿಕೊಳ್ಳಬೇಕೋ ಬೇಡವೋ ತೀರ್ಮಾನಿಸಿ. ಪ್ಯಾಚ್ ಬರುತ್ತದೆಂದು ಕಾಯುವುದಾದರೆ ಮುಚ್ಚಿಟ್ಟೇ ಕಾಯಿರಿ.

ಬೇಡವೆನಿಸಿದರೆ ಸ್ಟೀಮ್‌ನ ಸಹಾಯ ವಿಭಾಗದಲ್ಲಿ ಆ ಖರೀದಿಯನ್ನು ಆರಿಸಿ ರಿಫಂಡ್ ಕೇಳಿ. ವ್ಯಾಲೆಟ್‌ಗೆ ಎಂದು ಒತ್ತಿದರೆ ಹಣ ಸ್ಟೀಮ್‌ನಲ್ಲೇ ಉಳಿಯುತ್ತದೆ, ನಿಮ್ಮ ಬ್ಯಾಂಕ್ ಖಾತೆಗೆ ಬರುವುದಿಲ್ಲ.

ಪ್ಲೇಸ್ಟೇಷನ್ ಇನ್ನೂ ಬಿಗಿ. ಬಿಡುಗಡೆಯಾದ ಗೇಮ್ ಡೌನ್‌ಲೋಡ್ ಶುರು ಮಾಡಿದಿರೆಂದರೆ ಸಾಮಾನ್ಯವಾಗಿ ರಿಫಂಡ್ ಇಲ್ಲ. ಅನುಮಾನ ಇದ್ದರೆ ಪ್ರೀ-ಆರ್ಡರನ್ನು ಬಿಡುಗಡೆಗೆ ಮುಂಚೆಯೇ ರದ್ದು ಮಾಡಿ.

ದೂರು ಹೇಳುವಾಗ ಇಂಥದ್ದೇ ತಪ್ಪು ಎಂದು ನಿಖರವಾಗಿ ಹೇಳಿ. 2017ರಲ್ಲಿ ‘ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2’ರ ಲೂಟ್ ಬಾಕ್ಸ್ (ಒಳಗೇನಿದೆಯೆಂದು ಮೊದಲೇ ತಿಳಿಯದ ಬಹುಮಾನದ ಪೆಟ್ಟಿಗೆ) ವಿರುದ್ಧ ಆಟಗಾರರು ಎದ್ದದ್ದು ಹಾಗೆ, ಬಿಡುಗಡೆಗೆ ಕೆಲವೇ ಗಂಟೆ ಮುಂಚೆ ಪ್ರಕಾಶಕ ಕಂಪನಿ ಇಎ ಅದರೊಳಗಿನ ಹಣದ ಖರೀದಿಯನ್ನೇ ನಿಲ್ಲಿಸಿತು. ಗೇಮ್ ತಡವಾಯಿತೆಂದು ತಯಾರಕರಿಗೆ ಕೊಲೆ ಬೆದರಿಕೆ ಹಾಕಿದವರೂ ಇದ್ದಾರೆ. ಅದು ಗ್ರಾಹಕರ ಹಕ್ಕಲ್ಲ, ಅಪರಾಧ. ಇನ್ನು ನಮ್ಮ ದೇಶದಲ್ಲಿ ಕೊಂಡ ಡಿಸ್ಕ್‌ನ ವಿಚಾರದಲ್ಲಿ ಅಂಗಡಿಯವರು ಸ್ಪಂದಿಸದಿದ್ದರೆ ಬಿಲ್ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.